ಪಕ್ಕದ ಸೀಟು

ಜನವರಿ ೯

ಅಣ್ಣಾ,

ಫೋನ್ ಮಾಡದೆ ಪತ್ರ ಬರೆದಳಲ್ಲ ಎಂದು ಮುನಿಸಿಕೊಳ್ಳಬೇಡ. ಕಳೆದ ಸಲ ನಾನು ಫೋನಿನಲ್ಲಿ "ನಮ್ಮ ಲ್ಯಾಬ್ ಮುಚ್ತಾರಂತೆ" ಎಂದು ಮೂರು ಸಲ ಕೂಗಿದೆ. ನೀನು ಮೂರು ಸಲವೂ "ಒಳ್ಳೇದಾಯ್ತು ಬಿಡು" ಅಂದೆ. ನಿನ್ನ ಕಿವಿಗಿಂತ ಕಣ್ಣನ್ನು ನಂಬುವುದು ಮೇಲು.

ಊರಿನ ನೀರು ಪರೀಕ್ಷೆಯ ಲ್ಯಾಬಿಗೆ ಬೀಗ ಬಿತ್ತು. ಇಪ್ಪತ್ತಮೂರು ವರ್ಷ ನಾನು ಸೀಸೆ ತೊಳೆದ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳನ್ನು ಪೇರಿಸಿದ್ದಾರೆ. ನಮ್ಮನ್ನೆಲ್ಲ ಅಣೆಕಟ್ಟಿನ ಕೆಳಗಿನ ದೊಡ್ಡ ಶುದ್ಧೀಕರಣ ಘಟಕಕ್ಕೆ ಸೇರಿಸಿದ್ದಾರೆ. ಮನೆಯಿಂದ ಅರವತ್ತೆಂಟು ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಮೊದಲ ಸೀಸೆ ಮೇಜಿಗೆ ಬರುತ್ತದೆ, ಆ ಹೊತ್ತಿಗೆ ನಾನು ಅಲ್ಲಿರಬೇಕು. ಸದ್ಯ ಪಂಪ್ ಮೇಸ್ತ್ರಿಯ ಬೈಕಿನ ಹಿಂದೆ ಕೂತು ಹೋಗುತ್ತಿದ್ದೇನೆ. ಪಾಪ, ಒಳ್ಳೆಯ ಮನುಷ್ಯ. ಆದರೆ ಅವರು ಮುಂದಿನ ತಿಂಗಳು ನಿವೃತ್ತರಾಗುತ್ತಾರೆ, ನನ್ನ ಸೊಂಟ ಈಗಲೇ ಆಗಿದೆ.

ಹಾಗಾಗಿ ಒಂದು ಹಳೆಯ ಕಾರು ಬೇಕು. ಇಲಾಖೆಯ ಜೀಪು ಓಡಿಸಿ ಕೈ ಪಳಗಿದೆ, ಆ ಚಿಂತೆ ಇಲ್ಲ. ಅಗ್ಗದ್ದಾಗಿರಬೇಕು, ಪೆಟ್ರೋಲ್ ಕಡಿಮೆ ಕುಡಿಯಬೇಕು. ಇನ್ನೊಂದು: ಚಾಲಕರ ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಮಲಗಬೇಕು, ಹಾಸಿಗೆಯ ಹಾಗೆ.

ಮಾರುಕಟ್ಟೆ ಹಿಂದಿನ ದಲ್ಲಾಳಿಯ ಬಳಿ ಮೂರು ಗಾಡಿಗಳಿವೆ. ಒಂದು ಬಿಳಿಯದು, ಚಿಕ್ಕದು, ಪೆಟ್ರೋಲಿನದು, ಒಂಬತ್ತು ವರ್ಷದ್ದು. ಒಂದು ನೀಲಿ ಡೀಸೆಲ್, ದೊಡ್ಡದು, ಹನ್ನೆರಡು ವರ್ಷದ್ದು, ಅದರ ಸೀಟು ಮಲಗುತ್ತದೆ. ಮೂರನೆಯದು ಬೂದುಬಣ್ಣದ್ದು, ಅದಕ್ಕೆ ಯಾರೋ ಹೊರಗಿನಿಂದ ಗ್ಯಾಸ್ ಸಿಲಿಂಡರ್ ಕೂರಿಸಿದ್ದಾರೆ. "ಅಕ್ಕಾ, ಕಣ್ಣು ಮುಚ್ಕೊಂಡು ತಗೊಳ್ಳಿ" ಅನ್ನುತ್ತಾನೆ. ಅಲ್ಲಿಗೇ ನನಗೆ ಅನುಮಾನ ಬಂತು.

ಮೂವತ್ತೊಂದು ವರ್ಷ ಬಸ್ ಸಂಸ್ಥೆಯಲ್ಲಿ ದುಡಿದವನು ನೀನು. ಯಾವುದು ಕೊಳ್ಳಲಿ, ಹೇಳು.

ಪುಟ್ಟಿ


ಜನವರಿ ೧೫

ಪುಟ್ಟಿ,

ನಿನ್ನ ಪತ್ರ ಓದಿದ ಮೇಲೆ ಕಾಫಿ ಕಹಿಯಾಯಿತು. ನೀರಿನಲ್ಲಿ ಕ್ರಿಮಿ ಇದೆಯೇ ಎಂದು ನೋಡಿ ಊರನ್ನು ಕಾಯುವ ಹೆಂಗಸು, ಆ ಕೆಲಸಕ್ಕೆ ಹೋಗಲು ಸ್ವಂತ ಖರ್ಚಿನಲ್ಲಿ ಒಂದು ಟನ್ ಕಬ್ಬಿಣ ಕೊಳ್ಳಬೇಕಂತೆ! ನನಗೆ ಆ ರಸ್ತೆ ಗೊತ್ತು. ಜಲ್ಲಿ ಸುರಿದು ಮೂರು ವರ್ಷ ಮರೆತದ್ದು ಗೊತ್ತು, ಚುನಾವಣೆಯ ಹಿಂದಿನ ವಾರ ಡಾಂಬರು ಹಾಕಿದ್ದು ಗೊತ್ತು. ಆ ರಸ್ತೆಯಲ್ಲಿ ಬೆಳಗಿನ ಒಂದು ಬಸ್ಸು ಓಡುತ್ತಿತ್ತು. ನಿಮ್ಮ ಊರಿಗೆ ಐದೂವರೆಗೆ ಬಂದು, ಘಟಕದ ಗೇಟಿಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮುಟ್ಟುತ್ತಿತ್ತು, ಸಂಜೆ ನಾಲ್ಕರ ಮೇಲೆ ಅದೇ ದಾರಿಯಲ್ಲಿ ಮರಳುತ್ತಿತ್ತು. ಒಂಬತ್ತು ವರ್ಷದ ಹಿಂದೆ ನಿಲ್ಲಿಸಿದರು. ಪಂಡಿತರು ನಾಗರಿಕತೆಯನ್ನು ನದಿಯಿಂದ ಅಳೆಯುತ್ತಾರೆ, ನಾನು ಬೆಳಗಿನ ಮೊದಲ ಬಸ್ಸಿನಿಂದ ಅಳೆಯುತ್ತೇನೆ. ಎಷ್ಟು ಸಾಮ್ರಾಜ್ಯಗಳ ಚರಿತ್ರೆ ಓದಿಲ್ಲ ನಾನು! ರಸ್ತೆ ಮಾಡಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ. ರಸ್ತೆಯ ಮೇಲೆ ಓಡುವುದನ್ನು ನಿಲ್ಲಿಸಿದವನ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ.

ಇರಲಿ. ಕಾರಿನ ಮಾತು.

ಗ್ಯಾಸಿನದು ಬೇಡವೇ ಬೇಡ. ಯಾರು ಕೂರಿಸಿದರು, ಹೇಗೆ ಕೂರಿಸಿದರು ಎಂದು ಗೊತ್ತಿಲ್ಲದ ಸಿಲಿಂಡರನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಬಾರದು. ನೀಲಿ ಡೀಸೆಲ್ ಸಹ ಬೇಡ. ದಿನಕ್ಕೆ ನೂರ ಮೂವತ್ತಾರು ಕಿಲೋಮೀಟರಿಗೆ ಡೀಸೆಲ್ ಲಾಭ ಎಂದು ದಲ್ಲಾಳಿ ಲೆಕ್ಕ ಹೇಳುತ್ತಾನೆ. ಹನ್ನೆರಡು ವರ್ಷದ ಡೀಸೆಲ್ ಪಂಪು ಒಂದು ಸಲ ಕೈಕೊಟ್ಟರೆ ಉಳಿಸಿದ್ದೆಲ್ಲ ಒಂದೇ ಗುಟುಕಿಗೆ ನುಂಗುತ್ತದೆ. ಬಿಳಿಯದನ್ನು ನೋಡು. ಹೇಳದೆ ಕೇಳದೆ ಬೆಳಿಗ್ಗೆ ಹೋಗು. ಮೊದಲು ಬಾನೆಟ್ಟಿನ ಮೇಲೆ ಕೈಯಿಡು. ಬೆಚ್ಚಗಿದ್ದರೆ ಅವನು ಮೊದಲೇ ಎಂಜಿನ್ ಚಾಲೂ ಮಾಡಿ ಅದರ ಕೆಮ್ಮು ಅಡಗಿಸಿದ್ದಾನೆ ಎಂದರ್ಥ, ವಾಪಸು ಬಂದುಬಿಡು. ಆಯಿಲ್ ಮುಚ್ಚಳ ತಿರುವಿ ಒಳಮೈ ನೋಡು, ಬೆಳ್ಳಗೆ ನೊರೆ ಇದ್ದರೆ ಎಂಜಿನ್ನಿಗೆ ನೀರು ಹೋಗಿದೆ. ಕಾಲಡಿಯ ಹಾಸು ಎತ್ತಿ ತುಕ್ಕು ಹುಡುಕು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದದ್ದನ್ನು ಯಾರೂ ತಿರುಗಿಸಲಾರರು. ಇಂಥ ಪುಟ್ಟ ಎಂಜಿನ್ ಚೆನ್ನಾಗಿ ನೋಡಿಕೊಂಡರೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ದಲ್ಲಾಳಿ ಹೇಳುವ ಮೈಲೇಜು ಗಂಡಿನ ಕಡೆಯವರು ಹೇಳುವ ಸಂಬಳದ ಹಾಗೆ, ಮುಕ್ಕಾಲು ಭಾಗ ನಂಬು.

ಸೀಟು ಮಲಗಬೇಕೆಂದು ಬರೆದಿದ್ದೀಯಲ್ಲ, ಅದು ಯಾವ ಶೋಕಿ? ಮಲಗುವುದಕ್ಕೆ ಮನೆಯಿದೆ. ಕಾರಿನಲ್ಲಿ ಹಾಸಿಗೆ ಕೇಳುವ ಕಾಲಕ್ಕೆ ಘಟಕದ ಪಕ್ಕದಲ್ಲೇ ಒಂದು ಮನೆ ಹಿಡಿದರೆ ಕಾರೇ ಬೇಡವಲ್ಲ! ಇರುವವರು ಗಂಡ ಹೆಂಡತಿ ನೀವಿಬ್ಬರು. ನಮ್ಮ ಗಡಿಯಾರದ ಸಾಹೇಬರ ಅಂಗಡಿಗೆ ಬೇಕಾದದ್ದು ಒಂದು ಮೇಜು, ಒಂದು ಭೂತಗನ್ನಡಿ. ಅದು ಎಲ್ಲಿಟ್ಟರೂ ನಡೆಯುತ್ತದೆ.

ನಿನ್ನ ಅಣ್ಣ


ಜನವರಿ ೨೭

ಅಣ್ಣಾ,

ಬಿಳಿಯದನ್ನು ಕೊಂಡೆ.

ನೀನು ಹೇಳಿದ ಹಾಗೆ ಬೆಳಿಗ್ಗೆಯೇ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ದಲ್ಲಾಳಿ ಹಲ್ಲುಜ್ಜುತ್ತಲೇ ಓಡಿ ಬಂದ. "ಅಕ್ಕಾ, ಜ್ವರ ನೋಡ್ತಿದೀರಾ?" ಅಂದ. ತಣ್ಣಗಿತ್ತು. ಮುಚ್ಚಳ ತಿರುವಿದೆ, ನೊರೆಯಿಲ್ಲ. ಹಾಸು ಎತ್ತಿದೆ, ಒಂದು ಮೂಲೆಯಲ್ಲಿ ಉಗುರಿನಷ್ಟು ತುಕ್ಕು. ಮೀಟರಿನಲ್ಲಿ ಒಂದು ಲಕ್ಷದ ಎಂಟು ಸಾವಿರ, ಪೆಡಲಿನ ರಬ್ಬರೂ ಅಷ್ಟೇ ಹೇಳಿತು. ನಾನು ಕೆಳಗೆ ಬಗ್ಗಿ ರಬ್ಬರನ್ನು ಸವರುವುದನ್ನು ನೋಡಿ ಅವನು, "ನಿಮ್ಮ ಹಿಂದೆ ಯಾರೋ ದೊಡ್ಡ ಗುರುಗಳಿದಾರೆ" ಎಂದು ನಿಟ್ಟುಸಿರು ಬಿಟ್ಟ. ಇದ್ದಾರೆ ಅಂದೆ.

ಸೀಟು ಅರ್ಧಕ್ಕೆ ನಿಲ್ಲುತ್ತದೆ. ಇವರು ಪಕ್ಕದಲ್ಲಿ ಕೂತು ಒರಗಿ ನೋಡಿ, "ಪರವಾಗಿಲ್ಲ, ನಿಮ್ಮಣ್ಣ ಎಂಜಿನ್ ನೋಡಿದ್ದಾರೆ, ನಾವು ಬೆನ್ನು ನೋಡ್ಕೊಂಡ್ರಾಯ್ತು" ಅಂದರು. ಅದು ಬಿಡು.

ಮನೆ ಬದಲಿಸುವ ಮಾತು ಮಾತ್ರ ಇನ್ನೊಮ್ಮೆ ಬರೆಯಬೇಡ. ಆಗುವುದಿಲ್ಲ. ಯಾಕೆ ಎಂದೂ ಕೇಳಬೇಡ.

ಒಂದು ವಿಷಯ ಕೇಳಬೇಕಿತ್ತು. ದಾರಿಯಲ್ಲಿ, ಗೋದಾಮುಗಳ ಹತ್ತಿರ, ಹಳೆಯ ಬಸ್ ತಂಗುದಾಣ ಇನ್ನೂ ಇದೆ. ಚಾವಣಿ ಅರ್ಧ ಹಾರಿದೆ. ಜನ ಈಗಲೂ ಅಲ್ಲೇ ನಿಲ್ಲುತ್ತಾರೆ, ಹಾಲಿನ ವ್ಯಾನಿಗೋ ಲಾರಿಗೋ ಕೈಯೊಡ್ಡಿಕೊಂಡು. ಒಂಬತ್ತು ವರ್ಷದ ಹಿಂದೆ ನೀನು ಆ ಆಫೀಸಿನಲ್ಲೇ ಇದ್ದೆಯಲ್ಲ? ಆ ಬಸ್ಸನ್ನು ನಿಲ್ಲಿಸಿದ್ದು ಯಾರು?

ಪುಟ್ಟಿ


ಫೆಬ್ರವರಿ ೩

ಪುಟ್ಟಿ,

ಕಾರು ಚೆನ್ನಾಗಿ ಆರಿಸಿದ್ದೀಯ. ಮೂರು ತಿಂಗಳಿಗೊಮ್ಮೆ ಆಯಿಲ್ ಬದಲಿಸು, ಟಯರಿನ ಗಾಳಿ ವಾರಕ್ಕೊಮ್ಮೆ ನೋಡು. ಗಾಳಿ ಕಡಿಮೆಯಾದ ಟಯರು ಪೆಟ್ರೋಲ್ ಕದಿಯುವ ಕಳ್ಳ. ಗಂಟೆಗೆ ಅರವತ್ತು ದಾಟಬೇಡ. ಒಂದು ನೋಟ್‌ಬುಕ್ ಇಟ್ಟು ಪ್ರತಿ ರಾತ್ರಿ ಮೀಟರಿನ ಅಂಕಿ ಬರೆದಿಡು, ಟ್ಯಾಂಕ್ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೆಂದೂ ಬರೆ. ತಿಂಗಳ ಕೊನೆಗೆ ಆ ಹಾಳೆಗಳನ್ನು ನನಗೆ ಕಳಿಸು. ಎಂಜಿನ್ನಿಗೆ ಕಾಯಿಲೆ ಬಂದರೆ ಸದ್ದಿಗಿಂತ ಮೊದಲು ಅಂಕಿಯಲ್ಲಿ ಕಾಣುತ್ತದೆ.

ಬಸ್ಸನ್ನು ನಿಲ್ಲಿಸಿದ್ದು ಮೇಲಿನವರು. ಇಂಥದ್ದಕ್ಕೆಲ್ಲ ಮೇಲಿನವರೇ ಇರುತ್ತಾರೆ. ಜನವಿಲ್ಲ ಎಂದು ಕಡತ ಹೇಳಿತು, ಕಡತಕ್ಕೆ ಸಹಿ ಬಿತ್ತು. ಅದರ ಬಗ್ಗೆ ಪತ್ರಿಕೆಗೆ ಒಂದು ಪತ್ರ ಬರೆದಿದ್ದೇನೆ. ನಿನ್ನೆ ಅಚ್ಚಾಯಿತು. ಸಂಪಾದಕ ಮಹಾಶಯರು ಮುಖ್ಯವಾದ ಎರಡು ಪ್ಯಾರಾ ಕತ್ತರಿಸಿ, ನಾನು ಸೌಜನ್ಯಕ್ಕೆಂದು ಬರೆದ ವಂದನೆಯನ್ನು ಮಾತ್ರ ಪೂರ್ತಿ ಉಳಿಸಿದ್ದಾರೆ.

"ಯಾಕೆ ಎಂದೂ ಕೇಳಬೇಡ" ಎಂದು ನನಗೆ ಬರೆಯುವಷ್ಟು ದೊಡ್ಡವಳಾದೆ. ಅಪ್ಪ ಹೋದಾಗ ನಿನಗೆ ಏಳು ವರ್ಷ. ನಿನ್ನ ಶಾಲೆಯ ಅರ್ಜಿಯಲ್ಲಿ ಪೋಷಕರು ಎಂಬಲ್ಲಿ ಸಹಿ ಹಾಕಿದವನು ನಾನು. ಆಗಿನಿಂದ ಕೇಳುತ್ತಲೇ ಬಂದಿದ್ದೇನೆ. ಆದರೂ ಈಗ ಕೇಳುವುದಿಲ್ಲ.

ಅಣ್ಣ


ಮಾರ್ಚ್ ೨

ಅಣ್ಣಾ,

ಫೆಬ್ರವರಿಯ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಲೀಟರಿಗೆ ಇಪ್ಪತ್ತಮೂರು ಬರುತ್ತಿದೆ. ನಿನ್ನ ಬಿಳಿ ಕುದುರೆ ಮೋಸ ಮಾಡಿಲ್ಲ.

ಮೊದಲ ವಾರ ಖುಷಿಯಾಗಿತ್ತು. ಬಾಗಿಲು ಹಾಕಿಕೊಂಡರೆ ನನ್ನದೇ ಒಂದು ಕೋಣೆ. ಈಗ ಆ ಕೋಣೆ ಬಿಗಿಯುತ್ತಿದೆ. ಐದು ಇಪ್ಪತ್ತಕ್ಕೆ ಹೊರಡುತ್ತೇನೆ. ನಲವತ್ತೆರಡನೆಯ ಕಿಲೋಮೀಟರಿನಲ್ಲಿ ಬಲಗಾಲಿನ ಹೆಬ್ಬೆರಳು ಜೋಮು ಹಿಡಿಯುತ್ತದೆ, ದಿನವೂ ಅದೇ ಕಲ್ಲುಗಣಿಯ ಎದುರಿಗೆ. ಏಳರಿಂದ ನಾಲ್ಕರವರೆಗೆ ಕಿಟಕಿಯಿಲ್ಲದ ಲ್ಯಾಬು. ಮತ್ತೆ ಅದೇ ರಸ್ತೆ ತಿರುಗುಮುರುಗಾಗಿ. ಮೊನ್ನೆ ಮನೆಯಲ್ಲಿ ಬಚ್ಚಲ ಬಾಗಿಲು ತೆಗೆಯಲು ಹೋಗಿ ಎಡಗೈ ತನ್ನಷ್ಟಕ್ಕೆ ಗೇರ್ ಹುಡುಕಿತು. ಇವರು ನಕ್ಕರು. ನನಗೆ ನಗು ಬರಲಿಲ್ಲ.

ಸೀಟಿನ ಕಥೆ ಕೇಳು. ಇವರು ಗಡಿಯಾರದ ಅರ ತಂದು, ಸೀಟಿನ ಪಕ್ಕದ ಹಲ್ಲಿನ ಚಕ್ರ ಬಿಚ್ಚಿ, ಅದನ್ನು ಅರ್ಧಕ್ಕೆ ತಡೆಯುತ್ತಿದ್ದ ಹಲ್ಲನ್ನು ಉಜ್ಜಿ ತೆಗೆದರು. ಈಗ ಸೀಟು ಪೂರ್ತಿ ಮಲಗುತ್ತದೆ. ಆದರೆ ಏಳುವುದಿಲ್ಲ. ಎತ್ತಿ ನಿಲ್ಲಿಸಿದರೂ ಹಿಡಿಯಲು ಹಲ್ಲಿಲ್ಲ, ಧೊಪ್ಪನೆ ಬೀಳುತ್ತದೆ. ನನ್ನ ಪಕ್ಕದಲ್ಲಿ ದಿನವಿಡೀ ಒಂದು ಮಲಗಿದ ಸೀಟು. "ಸಣ್ಣ ಹಲ್ಲು ಅಂದ್ಕೊಂಡೆ, ಅದೇ ಯಜಮಾನ ಹಲ್ಲು" ಎನ್ನುತ್ತಾರೆ ಇವರು.

ಪುಟ್ಟಿ


ಮಾರ್ಚ್ ೮

ಪುಟ್ಟಿ,

ಹಾಳೆಗಳನ್ನು ಎರಡು ಸಲ ನೋಡಿದೆ. ಸೋಮ, ಬುಧ, ಶುಕ್ರವಾರ ನಿನ್ನ ಕಾರು ನೂರ ಮೂವತ್ತಾರು ಕಿಲೋಮೀಟರ್ ಓಡುತ್ತದೆ. ಸರಿ. ಮಂಗಳ, ಗುರು, ಶನಿವಾರ ನೂರ ನಲವತ್ತೇಳು. ಒಂದು ವಾರವೂ ತಪ್ಪಿಲ್ಲ. ಆ ಹನ್ನೊಂದು ಕಿಲೋಮೀಟರ್ ಎಲ್ಲಿಗೆ?

ನನಗೆ ಅರ್ಥವಾಯಿತು ಬಿಡು. ನಮ್ಮ ಗಡಿಯಾರದ ಸಾಹೇಬರು ಊರಾಚೆ ಇನ್ನೊಂದು ಅಂಗಡಿ ತೆರೆದಿರಬೇಕು. ಹೆಂಡತಿಗೆ ಕಾರು ಬಂತಲ್ಲ, ಇನ್ನು ಗೋಡೆ ಗಡಿಯಾರಗಳನ್ನು ಹೊತ್ತು ತಿರುಗಲು ಕೂಲಿಯಾಳು ಯಾಕೆ? ಅದಕ್ಕೇ ಸೀಟು ಮಲಗಬೇಕು, ಅದಕ್ಕೇ ಮನೆ ಬದಲಿಸಬಾರದು. ಒಂಬತ್ತು ಗಂಟೆ ನಿಂತು ದುಡಿದು, ಮೂರು ಗಂಟೆ ಗಾಡಿ ಓಡಿಸಿದವಳ ಕೈಯಲ್ಲಿ ಮತ್ತೆ ಸಾಮಾನು ಹೊರಿಸುವ ಗಂಡಸಿಗೆ ಏನೆನ್ನಬೇಕು? ನಿನ್ನ ನಿಶ್ಚಯದ ದಿನವೇ ನಾನು ಹೇಳಿದ್ದೆ: ಗಡಿಯಾರ ರಿಪೇರಿ ಮಾಡುವವನ ಮನೆಯಲ್ಲಿ ಹೊತ್ತು ಹೋಗುತ್ತದೆ, ಹೊತ್ತಿನ ಊಟ ಬರುವುದಿಲ್ಲ. ಆಗ ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಅಂಕಿಗಳು ಸುಳ್ಳು ಹೇಳುವುದಿಲ್ಲ, ಪುಟ್ಟಿ.

ಅಣ್ಣ


ಮಾರ್ಚ್ ೧೪

ಅಣ್ಣನಿಗೆ,

ಅಂಕಿಗಳು ಸುಳ್ಳು ಹೇಳಿಲ್ಲ. ಹೇಳಿದ್ದು ನೀನು, ನಿನಗೆ ಗೊತ್ತಿಲ್ಲದ್ದನ್ನು ಗೊತ್ತೆಂದು.

ಹೋಗಲು ಐದೂವರೆ ಕಿಲೋಮೀಟರ್, ಬರಲು ಐದೂವರೆ. ಊರಾಚೆಯ ಹಳೆಯ ಗಿರಣಿಯ ಹಿಂದೆ ಆಸ್ಪತ್ರೆಯಿದೆ. ಇವರ ಎರಡು ಮೂತ್ರಪಿಂಡಗಳೂ ಸೋತು ಹದಿನಾಲ್ಕು ತಿಂಗಳಾಯಿತು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಒಂದೂವರೆಯಿಂದ ನಾಲ್ಕು ಗಂಟೆ ಕಾಲ, ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಾರೆ. ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತದೆ. ಹೋಗುವಾಗ ಬಾಡಿಗೆ ಗಾಡಿಯಲ್ಲಿ ತಾವೇ ಹೋಗುತ್ತಾರೆ. ಮುಗಿದ ಮೇಲೆ ಕಾಲು ಸೆಳೆತ, ತಲೆ ಎತ್ತಿದರೆ ಕಣ್ಣು ಕತ್ತಲೆ. ಬಾಡಿಗೆ ಗಾಡಿಯಲ್ಲಿ ಕೂತು ಬರಲು ಹೋಗಿ ಎರಡು ಸಲ ಬಿದ್ದರು. ಒಂದು ಸಲ ಹುಬ್ಬು ಒಡೆಯಿತು. ಮಲಗಿಸಿಕೊಂಡೇ ತರಬೇಕು. ಸೀಟಿನ ಶೋಕಿ ಅದು.

ಘಟಕದ ಪಕ್ಕದ ಊರಿನಲ್ಲಿ ಅಂಥ ಯಂತ್ರವಿಲ್ಲ. ಸುತ್ತಮುತ್ತ ಇರುವುದು ಇಲ್ಲೊಂದೇ ಕಡೆ, ಅಲ್ಲಿ ಜಾಗ ಸಿಗಲು ಆರು ವಾರ ಕಾದೆವು. ಆದ್ದರಿಂದ ಮನೆ ಬದಲಿಸಲಾರೆ. ಆ ಯಂತ್ರದ ಖರ್ಚು ಕೊಡುವುದು ನನ್ನ ನೌಕರಿಯ ಕಾರ್ಡು. ಆದ್ದರಿಂದ ನೌಕರಿ ಬಿಡಲಾರೆ. ನೌಕರಿ ಇರುವುದು ಅರವತ್ತೆಂಟು ಕಿಲೋಮೀಟರ್ ಆಚೆ. ಇದರಲ್ಲಿ ಯಾವ ತಿರುಪು ಸಡಿಲಿಸಿದರೂ ಇಡೀ ಗಡಿಯಾರ ನಿಲ್ಲುತ್ತದೆ. ಇದು ಇವರ ಮಾತು, ನನ್ನದಲ್ಲ.

ನಿನಗೆ ಹೇಳಬಾರದೆಂದು ಆಣೆ ಮಾಡಿಸಿಕೊಂಡವರೂ ಇವರೇ. ನೀನು ನಿಶ್ಚಯದ ದಿನ ಹೇಳಿದ ಮಾತಿಗೆ ಎಲ್ಲರೂ ನಕ್ಕರು ಎಂದು ಬರೆದಿದ್ದೀಯ. ಇವರೂ ನಕ್ಕಿದ್ದರು. ಹತ್ತೊಂಬತ್ತು ವರ್ಷವಾಯಿತು, ಒಂದು ದಿನ ಮರೆತಿಲ್ಲ. "ನಿಮ್ಮಣ್ಣನ ಮಾತು ನಿಜವಾಯ್ತು ಅಂತ ನಾನೇ ಹೋಗಿ ಹೇಳಬೇಕಾ?" ಎಂದು ಯಂತ್ರದ ಪಕ್ಕ ಮಲಗಿ ಕೇಳಿದರು. ಇನ್ನು ನಿನಗೆ ಗೊತ್ತಾಗಿದೆ. ಅವರಿಗೆ ಮಾತ್ರ, ನಿನಗೆ ಗೊತ್ತಾಗಿದೆ ಎಂದು ಗೊತ್ತಿಲ್ಲ.

ಪುಟ್ಟಿ


ಏಪ್ರಿಲ್ ೨೦

ಅಣ್ಣಾ,

ಐದು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕೋಪವೋ, ಕಾಯಿಲೆಯೋ? ನಿನ್ನ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. "ಮೇಷ್ಟ್ರ ಹಾಗೆ ಬ್ಯಾಗು ಹೆಗಲಿಗೆ ಹಾಕ್ಕೊಂಡು ಎಲ್ಲೋ ಹೋದ್ರು, ವಾರ ಆದ್ಮೇಲೆ ಬಂದ್ರು, ಈಗ ಬಾಗಿಲು ಹಾಕ್ಕೊಂಡು ಏನೋ ಬರೀತಿದಾರೆ" ಅಂದರು. ಎಲ್ಲಿಗೆ ಹೋಗಿದ್ದೆ?

ಜೋರಾಗಿ ಬರೆದೆ, ನಿಜ. ಕಾರಿನಲ್ಲಿ ಕೂಗಿ ಕೂಗಿ ರೂಢಿಯಾಗಿದೆ. ಅಲ್ಲಿ ಯಾರಿಗೂ ಕೇಳುವುದಿಲ್ಲವಲ್ಲ.

ಪುಟ್ಟಿ


ಏಪ್ರಿಲ್ ೨೬

ಪುಟ್ಟಿ,

ನಿನ್ನ ಒಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಆ ಬಸ್ಸನ್ನು ನಿಲ್ಲಿಸಿದ್ದು ಯಾರು ಎಂದು ಕೇಳಿದ್ದೆ. ನಾನು.

ಹೇಗೆಂದು ಪೂರ್ತಿ ಹೇಳುತ್ತೇನೆ. ನಾನು ಸೇರಿದ ಕಾಲದಲ್ಲಿ ಬಸ್ಸಿನ ಜನರನ್ನು ಎಣಿಸುವವರು ದಾರಿಯ ನಡುವೆ ಎಲ್ಲೆಂದರಲ್ಲಿ ಎಣಿಸುತ್ತಿದ್ದರು. ಅದರಲ್ಲಿ ಮೋಸವಿತ್ತು. ತಮ್ಮ ಊರಿಗೆ ಬಸ್ಸು ಬೇಕೆಂದರೆ ಹತ್ತಿದವರನ್ನೇ ಎರಡೆರಡು ಸಲ ಬರೆಯುತ್ತಿದ್ದರು. ನನಗೆ ಮೈ ಉರಿಯಿತು. ನಾನೇ ಒಂದು ಹೊಸ ನಮೂನೆ ಮಾಡಿದೆ. ಎರಡೇ ಕಾಲಂ: ಹೊರಟಾಗ ಎಷ್ಟು ಜನ, ತಲುಪಿದಾಗ ಎಷ್ಟು ಜನ. ಅಡಿಯಲ್ಲಿ ಒಂದು ಸಾಲು: ನಡುವಣ ಎಣಿಕೆ ಅಮಾನ್ಯ. ಮೋಸ ನಿಂತಿತು. ನನಗೆ ಪ್ರಶಂಸಾಪತ್ರ ಕೊಟ್ಟರು. ಅದು ಈಗಲೂ ಗೋಡೆಯ ಮೇಲಿದೆ, ನೀನು ನೋಡಿದ್ದೀಯ.

ಒಂಬತ್ತು ವರ್ಷದ ಹಿಂದೆ ಆ ಮಾರ್ಗದ ಎಣಿಕೆಗೆ ನಾನೇ ಹೋದೆ. ನಸುಕಿನಲ್ಲಿ ಹೊರಡುವ ನಿಲ್ದಾಣದಲ್ಲಿ ಹತ್ತಿದವರು ನಾಲ್ಕು ಮಂದಿ. ನಿಮ್ಮ ಊರಿನಲ್ಲಿ, ಅದರಾಚೆಯ ಊರುಗಳಲ್ಲಿ, ಗೋದಾಮಿನ ಗೇಟಿನಲ್ಲಿ ಜನ ಹತ್ತಿ ಹತ್ತಿ ನಿಲ್ಲಲು ಜಾಗವಿರಲಿಲ್ಲ. ಒಬ್ಬಾಕೆ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಘಟಕದ ಗೇಟಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಳಿದರು, ಆಕೆಯೂ ಎಚ್ಚೆತ್ತು ಇಳಿದಳು. ಕೊನೆಯ ನಿಲ್ದಾಣ ಮುಟ್ಟಿದಾಗ ಉಳಿದವರು ಮೂವರು. ನಾನು ಬರೆದೆ: ಹೊರಟಾಗ ನಾಲ್ಕು, ತಲುಪಿದಾಗ ಮೂರು. ಸಹಿ ಹಾಕಿದೆ. ಹೆಗಲು ಇನ್ನೂ ಬೆಚ್ಚಗಿತ್ತು, ಪುಟ್ಟಿ.

ತಪ್ಪೆಂದು ಗೊತ್ತಾಗಲಿಲ್ಲವೇ ಎಂದು ಕೇಳುತ್ತೀಯ. ಗೊತ್ತಿತ್ತು. ನನ್ನದೇ ನಿಯಮವನ್ನು ನಾನೇ ಮುರಿದರೆ ಬೇರೆಯವರಿಗೆ ಏನು ಹೇಳಲಿ ಅನ್ನಿಸಿತು. ಸಂಪಾದಕರು ಎರಡು ಪ್ಯಾರಾ ಕತ್ತರಿಸಿದರು ಎಂದು ಬರೆದೆನಲ್ಲ, ಆ ಎರಡು ಪ್ಯಾರಾಗಳಲ್ಲೂ ಇದು ಇರಲಿಲ್ಲ.

ಕಳೆದ ತಿಂಗಳು ನಾನು ಬಂದದ್ದು ನಿಮ್ಮ ಊರಿಗೇ. ಲಾಡ್ಜಿನಲ್ಲಿ ಇಳಿದೆ. ನಿಮ್ಮ ಮನೆಗೆ ಬರಲು ಮುಖವಿರಲಿಲ್ಲ. ಆರು ದಿನ ಬೆಳಿಗ್ಗೆ ಐದರಿಂದ ಆರೂವರೆವರೆಗೆ, ಊರ ಕೊನೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಆ ದಿಕ್ಕಿಗೆ ಕೆಲಸಕ್ಕೆ ಹೋಗುವವರನ್ನು ಎಣಿಸಿದೆ. ಹಾಲಿನ ವ್ಯಾನು, ಲಾರಿ, ಬೈಕಿನ ಮೇಲೆ ಮೂವರು, ಎಲ್ಲ. ದಿನಕ್ಕೆ ತೊಂಬತ್ತಾರು ಜನ. ನಿನ್ನ ಬಿಳಿ ಕಾರು ಐದು ಇಪ್ಪತ್ತೆರಡಕ್ಕೆ ನನ್ನ ಮುಂದೆಯೇ ಹಾದುಹೋಗುತ್ತಿತ್ತು. ಪಕ್ಕದ ಸೀಟು ಕಾಣಲಿಲ್ಲ, ಅದು ಮಲಗಿತ್ತು. ನೀನು ಏನೋ ಮಾತಾಡಿಕೊಳ್ಳುತ್ತಿದ್ದೆ. ಕೈಯೆತ್ತಬೇಕು ಅನ್ನಿಸಿತು. ಪೆನ್ನು ಹಿಡಿದಿದ್ದೆ. ಒಂದು ಎಂದು ಬರೆದೆ.

ಆ ಎಣಿಕೆಯನ್ನೆಲ್ಲ ಜೋಡಿಸಿ, ಬಸ್ಸು ಮತ್ತೆ ಬಿಡಿ ಎಂದು ಸಂಸ್ಥೆಗೆ ಅರ್ಜಿ ಹಾಕಿದ್ದೇನೆ. ನನ್ನ ತಪ್ಪನ್ನೂ ಅದರಲ್ಲಿ ಬರೆದಿದ್ದೇನೆ. ಬಸ್ಸು ಬಂದರೆ ನೀನು ಆ ಮೂರು ಗಂಟೆ ಕಣ್ಣಾದರೂ ಮುಚ್ಚಬಹುದು. ಭಾವನವರನ್ನು ಆಸ್ಪತ್ರೆಯಿಂದ ತರಲು ಮಾತ್ರ ಕಾರು ತೆಗೆದರಾಯಿತು.

ಈ ಪೊಟ್ಟಣದಲ್ಲಿ ನನ್ನ ಕೈಗಡಿಯಾರವಿದೆ. ಕೀಲಿ ಕೊಡುವಂಥದ್ದು, ಸಂಸ್ಥೆ ಕೊಟ್ಟಿದ್ದು. ನಿಂತುಹೋಗಿದೆ. ಭಾವನವರಿಗೆ ಕೊಡು. ರಿಪೇರಿಗೆ ಇನ್ನಾರನ್ನೂ ನಂಬುವುದಿಲ್ಲ ಎಂದೆನೆಂದು ಹೇಳು. ನನಗೆ ಎಲ್ಲ ಗೊತ್ತು ಎಂದೂ ಹೇಳು.

ಅಣ್ಣ


ಮೇ ೩೦

ಪುಟ್ಟಿ,

ಉತ್ತರ ಬಂತು. ಪೂರ್ತಿ ಇಷ್ಟೇ: "ತಾವು ಸಲ್ಲಿಸಿದ ಎಣಿಕೆಯು ನಿಗದಿತ ನಮೂನೆಯಲ್ಲಿ ಇರುವುದಿಲ್ಲ. ಮಾರ್ಗದ ನಡುವಣ ಎಣಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ಜೊತೆಗೆ ಒಂದು ಖಾಲಿ ನಮೂನೆ, ತುಂಬಿ ಕಳಿಸಲು. ಎರಡು ಕಾಲಂ. ಅಡಿಯಲ್ಲಿ ನನ್ನ ಸಾಲು. ಒಂದು ಅಕ್ಷರವನ್ನೂ ಬದಲಿಸಿಲ್ಲ.

ನಾನೇ ಆಫೀಸಿಗೆ ಹೋದೆ. ಕೌಂಟರಿನ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಕಿವಿ ಮಂದ ಎಂದು ಗೊತ್ತಾದ ಮೇಲೆ ಎದ್ದು ನಿಂತು ಜೋರಾಗಿ ಹೇಳಿದಳು: "ತಾತಾ, ರೂಲ್ಸ್ ಇರೋದೇ ಹಾಗೆ. ನಾವು ಮಾಡಿದ್ದಲ್ಲ."

"ಯಾರು ಮಾಡಿದ್ದು ಗೊತ್ತೇನಮ್ಮ?" ಅಂದೆ.

"ಯಾರೋ ಹಳೇ ಕಾಲದೋರು. ಎಣಿಸೋಕ್ ಬರ್ತಿರ್ಲಿಲ್ಲ ಅನ್ಸುತ್ತೆ" ಎಂದು ನಕ್ಕಳು.

ಇದುವರೆಗೆ ನಾನು ಬರೆದ ದೂರುಗಳಿಗೆಲ್ಲ ಎದುರಿಗೆ ಒಬ್ಬ ಮೂರ್ಖನಿರುತ್ತಿದ್ದ. ಈ ಸಲ ಯಾರ ವಿರುದ್ಧ ಬರೆಯಲಿ? ಗೋಡೆಯ ಮೇಲಿನ ಪ್ರಶಂಸಾಪತ್ರ ತೆಗೆದೆ. ಅದರ ಆಕಾರದಲ್ಲೇ ಸುಣ್ಣ ಬೆಳ್ಳಗೆ ಉಳಿದಿದೆ.

ಅಣ್ಣ


ಜೂನ್ ೮

ಅಣ್ಣಾ,

ನಿನ್ನ ಏಪ್ರಿಲಿನ ಪತ್ರಕ್ಕೆ ಉತ್ತರ ಬರೆಯಲು ಹಲವು ಸಲ ಕೂತೆ. ಕೋಪವಿತ್ತು. ದಿನವೂ ಆ ಮುರಿದ ತಂಗುದಾಣ ದಾಟುವಾಗ ನಿನ್ನನ್ನು ಬೈಯುತ್ತಿದ್ದೆ, ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಆಮೇಲೆ, ಟೀ ಅಂಗಡಿಯ ಬೆಂಚಿನ ಮೇಲೆ ಪೆನ್ನು ಹಿಡಿದು ಕೂತ ನೀನು ಕಣ್ಣಿಗೆ ಬರತೊಡಗಿದೆ. ಬೈಗುಳ ದಿನಕ್ಕೆ ಒಂದಕ್ಕೆ ಇಳಿಯಿತು. ಪೂರ್ತಿ ನಿಂತಿದೆ ಎಂದು ಸುಳ್ಳು ಬರೆಯಲಾರೆ.

ಗಡಿಯಾರವನ್ನು ಇವರಿಗೆ ಕೊಟ್ಟೆ, ನಿನಗೆ ಗೊತ್ತಾಗಿದೆ ಎಂದೂ ಹೇಳಿದೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಭೂತಗನ್ನಡಿ ಕಣ್ಣಿಗಿಟ್ಟು ಅದನ್ನು ಬಿಚ್ಚಿದರು. ಆಮೇಲೆ ಜೋರಾಗಿ ನಕ್ಕರು. "ಇದರಲ್ಲಿ ಏನೂ ಕೆಟ್ಟಿಲ್ಲ ಕಣೇ. ಕೀಲಿ ಕೊಟ್ಟಿಲ್ಲ, ಅಷ್ಟೇ. ಕ್ಷಮೆ ಕೇಳೋಕೂ ನಿಮ್ಮಣ್ಣನಿಗೆ ರಸೀದಿ ಬೇಕು!" ಆದರೂ ನಾಲ್ಕು ದಿನ ಇಟ್ಟುಕೊಂಡು, ಒಂದೊಂದು ಚಕ್ರವನ್ನೂ ಒರೆಸಿ, ಎಣ್ಣೆ ಹಾಕಿ ಜೋಡಿಸಿದ್ದಾರೆ. ಅಂಚೆಯಲ್ಲಿ ಕಳಿಸುವುದಿಲ್ಲವಂತೆ. "ಬಂದು ತಗೊಂಡು ಹೋಗ್ಲಿ. ಮಂಗಳವಾರ, ಗುರುವಾರ, ಶನಿವಾರ ನಾನು ಎಲ್ಲಿರ್ತೀನಿ ಅಂತ ಈಗ ಅವರಿಗೆ ಗೊತ್ತಲ್ಲ" ಎಂದಿದ್ದಾರೆ. ಬಾ. ಬಂದು ಆ ನಾಲ್ಕು ಗಂಟೆ ಪಕ್ಕದಲ್ಲಿ ಕೂರು. ನಿನಗೆ ಕಿವಿ ಕೇಳುವುದಿಲ್ಲ, ಇವರಿಗೆ ಆ ಹೊತ್ತಿಗೆ ಮಾತಾಡಲು ಶಕ್ತಿಯಿರುವುದಿಲ್ಲ. ಜಗಳಕ್ಕೆ ಅವಕಾಶವೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಮೊನ್ನೆ ನಾನೂ ನಿನ್ನಂತೆ ಒಂದು ಲೆಕ್ಕ ಮಾಡಿದೆ. ವಾರಕ್ಕೆ ಎಂಟುನೂರ ನಲವತ್ತೊಂಬತ್ತು ಕಿಲೋಮೀಟರ್. ನೀನು ಹೇಳಿದ ಮೂರು ಲಕ್ಷ ಮುಟ್ಟಲು ಈ ಎಂಜಿನ್ನಿಗೆ ಇನ್ನು ನಾಲ್ಕು ವರ್ಷ. ನನ್ನ ನಿವೃತ್ತಿಗೆ ಹನ್ನೊಂದು. ಇವರದ್ದನ್ನು ಕೇಳಿದರೆ ವೈದ್ಯರು ಅಂಕಿ ಹೇಳುವುದಿಲ್ಲ, ಕಿಟಕಿಯ ಕಡೆ ನೋಡುತ್ತಾರೆ. ಮೂರೂ ಒಂದೇ ಕಡ್ಡಿಯಲ್ಲಿ ಅಳೆಯುವಂಥವಲ್ಲ, ಬಲ್ಲೆ. ಆದರೂ ಕಲ್ಲುಗಣಿಯ ಎದುರಿಗೆ ಹೆಬ್ಬೆರಳು ಜೋಮು ಹಿಡಿದಾಗಲೆಲ್ಲ ಮನಸ್ಸು ಅದನ್ನೇ ಭಾಗಿಸುತ್ತದೆ.

ಇನ್ನೊಂದು. ಈಗ ನಾನು ಹೊರಟು ಹತ್ತು ಕಿಲೋಮೀಟರಿನಲ್ಲಿ ಒಂದು ಕಡೆ ನಿಲ್ಲಿಸುತ್ತೇನೆ. ಗೋದಾಮಿನಲ್ಲಿ ಮೂಟೆ ಹೊಲಿಯುವ ಒಬ್ಬಾಕೆ ಕಾಯುತ್ತಿರುತ್ತಾಳೆ. ಒಬ್ಬರಿಗಿಂತ ಹೆಚ್ಚು ಕೂರಿಸಲಾರೆ, ಮಲಗಿದ ಸೀಟು ಹಿಂದಿನ ಅರ್ಧವನ್ನೂ ನುಂಗಿದೆ. ಹತ್ತಿದಾಕೆ "ಅಕ್ಕಾ" ಎನ್ನುತ್ತಾಳೆ, ಅಷ್ಟೇ ಮಾತು. ಆಮೇಲೆ ನನ್ನ ಸೀಟಿನ ಬೆನ್ನಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಅವಳ ನಿದ್ದೆ ಕೆಟ್ಟೀತೆಂದು ಹೆದರಿ ನಾನು ಕೂಗುವುದನ್ನು ಬಿಟ್ಟಿದ್ದೇನೆ. ಘಟಕಕ್ಕೆ ಒಂಬತ್ತು ಕಿಲೋಮೀಟರ್ ಇರುವಾಗ, ಗೋದಾಮಿನ ಗೇಟಿನಲ್ಲಿ, ಇಳಿದು ಹೋಗುತ್ತಾಳೆ.

ನಿನ್ನ ಆ ಖಾಲಿ ನಮೂನೆಯನ್ನು ಎಸೆಯಬೇಡ. ಅದರಲ್ಲಿ ನನ್ನ ಕಾರನ್ನು ತುಂಬಿಸಿಡು: ಹೊರಟಾಗ ಒಬ್ಬಳು, ತಲುಪಿದಾಗ ಒಬ್ಬಳು.

ಪುಟ್ಟಿ